ಮೋರಿಯವರೆಗಿನ ದಾರಿ

ಹೋದ ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಮೂರು ದಿನ ಮಳೆ ಹಿಡಿಯಿತು. ಶ್ರೀನಿವಾಸಪುರದ ಮಂಡಿಯ ಮುಂದೆ ಟೊಮ್ಯಾಟೊ ಲಾರಿಯೊಂದು ನಿಂತಿತ್ತು. ನಾನು ಪಕ್ಕದಲ್ಲಿ ಹಾದುಹೋಗುವಾಗ ಡ್ರೈವರು ಮೇಲೆ ಹೊದಿಸಿದ್ದ ಟಾರ್ಪಾಲು ಎಳೆದ. ನೀರು ಸುರಿಯಿತು, ಅದರ ಹಿಂದೆಯೇ ಆ ವಾಸನೆ ಬಂತು. ನೆನೆದ ದಪ್ಪ ಬಟ್ಟೆ, ಸೀಮೆಎಣ್ಣೆ, ಬೂಷ್ಟು ಎಲ್ಲ ಬೆರೆತ ವಾಸನೆ. ಕೊಡೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಡ್ರೈವರು, "ಏನ್ ಯಜಮಾನ್ರೇ, ಮಾಲ್ ನೋಡ್ಬೇಕಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ ಮುಂದೆ ನಡೆದೆ. ಆದರೆ ಆ ದಿನವೆಲ್ಲ ನನ್ನ ಜೊತೆ ಉಸ್ತಾದರು ಇದ್ದರು.

ನಾನು ಸೈನ್ಯಕ್ಕೆ ಸೇರಿದಾಗ ಇಪ್ಪತ್ತು ವರ್ಷ ತುಂಬಿರಲಿಲ್ಲ. ರಾಯಲ್ಪಾಡಿನ ನಮ್ಮ ಮನೆಯಲ್ಲಿ ಮಾತೆಲ್ಲ ತೆಲುಗು, ಸ್ಕೂಲಿನಲ್ಲಿ ಕನ್ನಡ, ಬೆಂಗಳೂರಿನ ತರಬೇತಿಯಲ್ಲಿ ಹಿಂದಿ. ಎಂಬತ್ತರ ದಶಕದ ಕೊನೆಯ ಭಾಗ ಅದು. ಲಂಕೆಯಲ್ಲಿ ಒಂದೇ ದೇಶದ ಜನ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದರು. ನಡುವೆ ನಿಂತು ಜಗಳ ಬಿಡಿಸಿ ಬನ್ನಿ ಎಂದು ನಮ್ಮನ್ನು ಹಡಗು ಹತ್ತಿಸಿದರು. ನಾನು ಹೋಗಿ ಇಳಿಯುವ ಹೊತ್ತಿಗೆ ಮಾತುಕತೆ ಮುರಿದುಬಿದ್ದಿತ್ತು. ಜಗಳ ಬಿಡಿಸಲು ಹೋದವರ ಮೇಲೆಯೇ ಅಲ್ಲಿನ ಹುಡುಗರು ಬಂದೂಕು ತಿರುಗಿಸಿದ್ದರು.

ನಮ್ಮ ಕ್ಯಾಂಪು ಒಂದು ಹಳ್ಳಿಯ ಶಾಲೆ. ಗುಂಡು ಬಿದ್ದು ಅರ್ಧ ಹೆಂಚು ಹಾರಿಹೋಗಿತ್ತು. ಹೆಡ್ಮಾಸ್ತರ ಕೋಣೆಯಲ್ಲಿ ಸಾಹೇಬರು, ಉಳಿದ ಎರಡು ಕೋಣೆಗಳಲ್ಲಿ ಮದ್ದುಗುಂಡು ಮತ್ತು ರೇಷನ್ನು, ನಾವು ಅಂಗಳದ ಡೇರೆಗಳಲ್ಲಿ. ಸುತ್ತ ಮರಳಿನ ಮೂಟೆ, ತೆಂಗಿನ ದಿಮ್ಮಿ, ಮುಳ್ಳುತಂತಿ. ರೇಷನ್ ಕೋಣೆಯ ಕಪ್ಪು ಹಲಗೆಯ ಮೇಲೆ ತಮಿಳಿನಲ್ಲಿ ಅರ್ಧ ಬರೆದ ಪಾಠವೊಂದು ಹಾಗೇ ಇತ್ತು. ಯಾರೂ ಅದನ್ನು ಅಳಿಸಲಿಲ್ಲ. ಅಳಿಸಬೇಡಿ ಎಂದು ಯಾರೂ ಹೇಳಿಯೂ ಇರಲಿಲ್ಲ...

ಅಲ್ಲಿನ ಚಳಿಗಾಲವೆಂದರೆ ಮಳೆಗಾಲ. ಧನುರ್ಮಾಸದ ಮಳೆ ಜೋರಾಗಿ ಹೊಡೆಯುವುದಿಲ್ಲ, ಬಿಡುವುದೂ ಇಲ್ಲ. ಹಾಕಿದ ಬಟ್ಟೆ ಒಣಗುತ್ತಿರಲಿಲ್ಲ, ಡೇರೆಯೊಳಗೆಲ್ಲ ಬೂಷ್ಟು, ಸೀಮೆಎಣ್ಣೆಯ ವಾಸನೆ. ಬೂಟು ಬಿಚ್ಚಿದರೆ ಕಾಲ ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದು ಬರುತ್ತಿತ್ತು. ಮೊದಲ ದಿನ ನಾನು ಡೇರೆಯೊಳಗೆ ಕುಳಿತು ಕಾಲಿಗೆ ಪೌಡರು ಹಾಕಿಕೊಳ್ಳುತ್ತ, "ಅಯ್ಯೋ, ಯಾವ ಜನ್ಮದ ಪಾಪನೋ" ಎಂದು ಗೊಣಗಿಕೊಂಡೆ. ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಒಬ್ಬರು ಹಾಗೇ ಕೇಳಿದರು: "ಯಾವೂರೋನ್ಲಾ ನೀನು?"

ಹಡಗು ಹತ್ತಿದ ಮೇಲೆ ನಾನು ಕೇಳಿದ ಮೊದಲ ಕನ್ನಡ ಅದು. ಪೌಡರಿನ ಡಬ್ಬ ಹಿಡಿದುಕೊಂಡೇ ಅವರ ಕಡೆ ತಿರುಗಿದೆ. "ರಾಯಲ್ಪಾಡು. ಶ್ರೀನಿವಾಸಪುರದ ಹತ್ರ" ಎಂದೆ.

"ಹಂಗಾದ್ರೆ ತೆಲುಗೋನು ಅನ್ನು. ನಂದು ಶಿವಾರಪಟ್ಟಣ, ಮಾಲೂರು ತಾಲ್ಲೂಕು. ಪೌಡರ್ ಹಂಗೆ ಸುರ್ಕೋಬೇಡ ಕಣೋ, ತಿಂಗಳಿಗೆ ಅದೊಂದೇ ಡಬ್ಬ ಕೊಡೋದು."

ಅವರು ನಾಯಕ್ ದರ್ಜೆಯವರು, ತೋಳಿನ ಮೇಲೆ ಎರಡು ಪಟ್ಟಿ. ವಯಸ್ಸು ಮೂವತ್ತೈದರ ಆಸುಪಾಸು. ಸೈನ್ಯದಲ್ಲಿ ಕೆಲಸ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ಎಲ್ಲರ ಎದುರು ನಾನೂ ಹಾಗೇ ಕರೆಯುತ್ತಿದ್ದೆ. ನಾವಿಬ್ಬರೇ ಇದ್ದಾಗ ಅಣ್ಣ. ನೂರಿಪ್ಪತ್ತು ಜನರ ಆ ಕ್ಯಾಂಪಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ.

ನಮ್ಮ ಕೆಲಸ ದಾರಿ ತೆರೆಯುವುದು. ಬೆಳಕು ಹರಿಯುವ ಮೊದಲೇ ಎಲ್ಲರೂ ಬಂದೂಕು ಹಿಡಿದು ಮೂಟೆಗಳ ಹಿಂದೆ ನಿಲ್ಲಬೇಕು. ಮುಖ ಕಾಣುವಷ್ಟು ಬೆಳಕಾದ ಮೇಲೆ ಎನಾಮಲ್ ಮಗ್ಗಿನಲ್ಲಿ ಚಹಾ, ಎರಡು ಪೂರಿ. ಆಮೇಲೆ ಹತ್ತು ಜನರ ತಂಡ ಕ್ಯಾಂಪಿನಿಂದ ಕೂಡುರಸ್ತೆಯವರೆಗೆ ನಾಲ್ಕು ಕಿಲೋಮೀಟರ್ ನಡೆದು, ರಸ್ತೆಯಲ್ಲಿ ರಾತ್ರಿ ಯಾರಾದರೂ ಸಿಡಿಮದ್ದು ಹೂತಿದ್ದಾರೆಯೇ ಎಂದು ಹುಡುಕಬೇಕು. ನಾವು ಸರಿ ಎಂದ ಮೇಲೆಯೇ ರೇಷನ್ ಲಾರಿ ಬರುತ್ತಿದ್ದದ್ದು, ಕಾಗದ ಬರುತ್ತಿದ್ದದ್ದು. ಎಲ್ಲರಿಗಿಂತ ಮುಂದೆ ಉಸ್ತಾದರು. ಅವರ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು ನಾನು, ಅವರ ಹೆಜ್ಜೆ ಗುರುತಿನ ಮೇಲೆಯೇ ಕಾಲಿಡುತ್ತ.

ಲೋಹ ಪತ್ತೆ ಮಾಡುವ ಮಷೀನು ಇತ್ತು. ಆದರೆ ಆ ಊರಿನ ರಸ್ತೆಯಲ್ಲಿ ಎಷ್ಟು ಮೊಳೆ, ಎಷ್ಟು ಗುಂಡಿನ ಚೂರು ಬಿದ್ದಿದ್ದವೆಂದರೆ ಅದು ಹೆಜ್ಜೆಗೊಮ್ಮೆ ಕೂಗುತ್ತಿತ್ತು. ಕೊನೆಗೆ ಉಳಿಯುತ್ತಿದ್ದದ್ದು ಒಂದು ತೆಳು ಕಬ್ಬಿಣದ ಸಲಾಕೆ. ನೆಲಕ್ಕೆ ಓರೆಯಾಗಿ ಮೆಲ್ಲಗೆ ಚುಚ್ಚಬೇಕು. ಉಸ್ತಾದರು ಮಂಡಿಯೂರಿ ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೂ ಕಲಿಸಿದರು.

"ಕಲ್ಲಾದ್ರೆ ಕೈಗೆ ತಿರುಗಿ ಮಾತಾಡುತ್ತೆ. ಬೇರಾದ್ರೆ ಸುಮ್ನೆ ಬಿಟ್ಕೊಡುತ್ತೆ. ಎರಡೂ ಮಾಡ್ದೆ ಸುಮ್ನೆ ಕೂತೈತೆ ಅಂದ್ರೆ ಅಲ್ಲಿ ಏನೋ ಐತೆ. ಕೈ ತೆಗ್ದು ನನ್ನ ಕರಿ."

ಕಲ್ಲಿನ ಮಾತು ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ. ಅವರದು ತಲೆತಲಾಂತರದಿಂದ ದೇವರ ವಿಗ್ರಹ ಕಡೆಯುವ ಮನೆ. ಅವರೂ ಹದಿನೆಂಟರವರೆಗೆ ಅಪ್ಪನ ಎದುರು ಕುಳಿತು ಉಳಿ ಹಿಡಿದವರೇ. ಒಂದು ಸಲ, ಆರು ತಿಂಗಳು ಅಪ್ಪ ಕೂತು ಮಾಡಿದ ವೇಣುಗೋಪಾಲನ ಬೆರಳು ಇವರ ಒಂದು ಏಟಿಗೆ ಹಾರಿಹೋಯಿತಂತೆ. ಬೆರಳು ಹೋದ ವಿಗ್ರಹ ಪೂಜೆಗೆ ಬರುವುದಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೆಯ ದಿನ ಇನ್ನೊಂದು ಕಲ್ಲು ಹೊರಳಿಸಿಕೊಂಡು ಮೊದಲಿನಿಂದ ಶುರು ಮಾಡಿದರಂತೆ. "ಬೈದಿದ್ರೆ ಅಲ್ಲೇ ಇರ್ತಿದ್ದೆ ಕಣೋ" ಎಂದು ಉಸ್ತಾದರು ಹೇಳಿದ್ದು ನೆನಪಿದೆ. ಒಂದು ವಾರದಲ್ಲಿ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು ಸೈನ್ಯಕ್ಕೆ ಸೇರಿದರು. ಆದರೂ ಅವರ ಟ್ರಂಕಿನ ತಳದಲ್ಲಿ, ಬಟ್ಟೆ ಸುತ್ತಿದ ಒಂದು ಉಳಿ, ಒಂದು ಸಣ್ಣ ಸುತ್ತಿಗೆ ಇದ್ದವು. ಹೆಣ್ಣುಮಕ್ಕಳು ತವರಿನ ಕುಂಕುಮದ ಭರಣಿ ಇಟ್ಟುಕೊಂಡ ಹಾಗೆ.

ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಮ್ಮದು. ಕೆಲವರು ಕಾಗದ ಬರೆಯುತ್ತಿದ್ದರು, ಕೆಲವರು ಬಂದೂಕು ಬಿಚ್ಚಿ ಎಣ್ಣೆ ಹಾಕುತ್ತಿದ್ದರು. ನಾವಿಬ್ಬರೂ ಡೇರೆಯ ಬಾಯಲ್ಲಿ ಕುಳಿತು ಮಳೆ ನೋಡುತ್ತ ಊರಿನ ಮಾತಾಡುತ್ತಿದ್ದೆವು. ಈಗ ಅವರೆಕಾಯಿ ಕಾಲ ಎಂದು ಒಬ್ಬರು ಅಂದರೆ ಸಾಕು, ಮುಂದಿನ ಅರ್ಧ ಗಂಟೆ ಅದೇ. ಹಿದುಕಿದ ಬೇಳೆಗೆ ಕೊಬ್ಬರಿ ಹಾಕಬೇಕೋ ಬೇಡವೋ ಎಂದು ನಾವು ಜಗಳವನ್ನೇ ಆಡಿದ್ದೇವೆ. ಬೆಳಗಿನ ಮಂಜಿನಲ್ಲಿ ಮಾಲೂರಿನ ಇಟ್ಟಿಗೆ ಗೂಡಿನ ಹೊಗೆ ಮೇಲೇಳಲಾರದೆ ನೆಲಕ್ಕೇ ಹರಡಿಕೊಳ್ಳುವುದನ್ನು ಅವರು ಹೇಳುತ್ತಿದ್ದರು. ನಾನು ನಮ್ಮ ಮಾವಿನ ತೋಪಿನಲ್ಲಿ ಆಗ ತಾನೇ ಹೂ ಕಚ್ಚುವ ಹೊತ್ತಿನ ಮಾತು ಹೇಳುತ್ತಿದ್ದೆ. ಊರು ಅಷ್ಟು ಹತ್ತಿರ ಬಂದು ಹೋಗುತ್ತಿತ್ತು.

ಕ್ಯಾಂಪಿನ ಎದುರಿನ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಆ ಕಡೆಯ ತಮಿಳಿನಲ್ಲಿ ಅಜ್ಜಿಗೆ ಆಚ್ಚಿ ಎನ್ನುತ್ತಾರೆ. ನಾವೂ ಆಚ್ಚಿ ಎಂದೇ ಕರೆಯುತ್ತಿದ್ದೆವು. ಊರಿನ ಬಾವಿಗಳೆಲ್ಲ ಉಪ್ಪು. ಶಾಲೆಯ ಬಾವಿಯಲ್ಲಿ ಮಾತ್ರ ಸಿಹಿನೀರು. ನಾವು ಅದನ್ನು ಮುಳ್ಳುತಂತಿಯೊಳಗೆ ಹಾಕಿಕೊಂಡಿದ್ದೆವು. ದಿನಾ ಹತ್ತು ಗಂಟೆಗೆ ಅವಳು ತಾಮ್ರದ ಬಿಂದಿಗೆ ಹಿಡಿದು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಬಿಂದಿಗೆಯೊಳಗೆ ಕೈ ಹಾಕಿ ನೋಡಿ ಒಳಗೆ ಬಿಡುವುದು ನಿಯಮ. ಉಸ್ತಾದರು ಗೇಟಿನಲ್ಲಿದ್ದ ದಿನ ತಾವೇ ನೀರು ಸೇದಿ ಬಿಂದಿಗೆ ತುಂಬಿಸಿ ಕೊಡುತ್ತಿದ್ದರು. ಅವರಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಮಾಲೂರಿನ ಸಂತೆ, ಹೊಸೂರಿನ ಗಡಿ, ಅಲ್ಲಿ ತಮಿಳು ಬರದವರು ಯಾರಿದ್ದಾರೆ. ನನಗೆ ನಾಲ್ಕು ಮಾತು ಕಿವಿಗೆ ಬೀಳುತ್ತಿತ್ತು, ಎರಡು ಅರ್ಥವಾಗುತ್ತಿತ್ತು.

ಒಂದು ದಿನ ಆಚ್ಚಿ ಏನೋ ದೂರು ಹೇಳಿಕೊಂಡಳು. ಉಸ್ತಾದರು ನಕ್ಕರು. ನನ್ನ ಕಡೆ ತಿರುಗಿ, "ಅಮ್ಮಿ ಸವೆದು ಹೋಗೈತಂತೆ ಕಣೋ" ಎಂದರು. ಅಮ್ಮಿ ಎಂದರೆ ಖಾರ ಅರೆಯುವ ಚಪ್ಪಟೆ ಕಲ್ಲು. ಅರೆದೂ ಅರೆದೂ ಅದರ ಮೈ ನುಣುಪಾದರೆ ಮೆಣಸಿನಕಾಯಿ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಮತ್ತೆ ಒರಟು ಮಾಡಬೇಕು. ಆ ಕೆಲಸ ಮಾಡುತ್ತ ಊರೂರು ತಿರುಗುವವನು ಕರ್ಫ್ಯೂ ಆದ ಮೇಲೆ ಬಂದೇ ಇರಲಿಲ್ಲ. ಎರಡು ತಿಂಗಳಿಂದ ಆಚ್ಚಿ ಅರೆಯದ ಖಾರದ ಸಾರು ಉಣ್ಣುತ್ತಿದ್ದಳು.

ಅವತ್ತು ಮಧ್ಯಾಹ್ನ ಉಸ್ತಾದರು ಟ್ರಂಕು ತೆರೆದರು. ಸಾಹೇಬರ ಅಪ್ಪಣೆ ಪಡೆದು ನನ್ನನ್ನು ಕಾವಲಿಗೆ ಕರೆದುಕೊಂಡು ಆಚ್ಚಿಯ ಅಂಗಳಕ್ಕೆ ಹೋದರು. ತಾಳೆಗರಿಯ ಬೇಲಿ, ಒಂದು ನುಗ್ಗೆ ಮರ, ನಾಲ್ಕು ಕೋಳಿ. ಅವರು ಕುಕ್ಕರಗಾಲಲ್ಲಿ ಕುಳಿತು ಕಲ್ಲಿನ ಮೇಲೆ ಅಂಗೈ ಆಡಿಸಿದರು. ಬಹಳ ಹೊತ್ತು ಆಡಿಸಿದರು. ಆಮೇಲೆ ಟಕ್, ಟಕ್, ಟಕ್ ಎಂದು ಶುರುವಾಯಿತು. ಗುಂಡಿನ ಸದ್ದು ಬಿಟ್ಟು ಬೇರೆ ಸದ್ದೇ ಕೇಳದ ಆ ಓಣಿಯಲ್ಲಿ ಬೇಲಿಗಳ ಸಂದಿಯಿಂದ ಒಂದೊಂದೇ ಮುಖ ಕಾಣಿಸಿಕೊಂಡಿತು.

"ನಮ್ಮಪ್ಪ ನೋಡಿದ್ರೆ ನಗ್ತಿದ್ದ" ಎಂದರು ಉಸ್ತಾದರು ತಲೆ ಎತ್ತದೆ. "ದೇವ್ರ ಕಡೆಯೋ ಉಳಿಯಲ್ಲಿ ಖಾರದ ಕಲ್ಲು."

ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಆಚ್ಚಿ ಆ ಕಲ್ಲಿನ ಮೇಲೇ ಕೆಂಪು ಮೆಣಸಿನಕಾಯಿ, ಕಾಯಿತುರಿ, ಈರುಳ್ಳಿ ಅರೆದು ಎಲೆಯ ಮೇಲಿಟ್ಟು ಕೊಟ್ಟಳು. ಹೊರಗೆ ಏನೂ ತಿನ್ನಬಾರದೆಂದು ನಮಗೆ ಆಜ್ಞೆ ಇತ್ತು. ಉಸ್ತಾದರು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ನನ್ನ ಕಡೆ ಎಲೆ ಚಾಚಿದರು. ನಾನು ಬೇಡವೆಂದೆ. ವಿಷದ ಭಯ ಅಂತಲ್ಲ... ಭಯವೇ ಇರಬೇಕು. ಆಚ್ಚಿ ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. ಉಳಿದ ಖಾರವನ್ನು ಅದೇ ಎಲೆಯಲ್ಲಿ ಮಡಿಸಿ ಉಸ್ತಾದರ ಕೈಗೆ ಕೊಟ್ಟಳು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಕಲ್ಲು ತಂದರು. ಸೊಂಟದ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ತಂದು ಗೇಟಿನ ಹೊರಗೆ ಇಳಿಸಿ ಹೋಗುತ್ತಿದ್ದರು. ಮೂರು ವಾರ, ಮಳೆ ಬಿಟ್ಟ ಮಧ್ಯಾಹ್ನಗಳಲ್ಲೆಲ್ಲ ಉಸ್ತಾದರು ಗೇಟಿನ ಹೊರಗೆ ಕುಳಿತು ಕಲ್ಲು ಕುಟ್ಟಿದರು. ನಾನು ಪಕ್ಕದಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದೆ. ಹೆಂಗಸರು ದೂರದಲ್ಲಿ ಕಾಯುತ್ತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ನಗುತ್ತಿದ್ದರು. ಆ ಮೂರು ವಾರಗಳಷ್ಟು ಸಮಾಧಾನದ ದಿನಗಳು ಅಲ್ಲಿ ಮತ್ತೆ ಬರಲಿಲ್ಲ.

ಒಂದು ಬೆಳಿಗ್ಗೆ ಆಚ್ಚಿ ನೀರಿಗೆ ಬಂದಳು. ಗೇಟಿನಲ್ಲಿ ಉಸ್ತಾದರೂ ನಾನೂ ಇದ್ದೆವು. ಅವರು ಬಗ್ಗಿ ಬಿಂದಿಗೆಯೊಳಗೆ ಕೈ ಹಾಕಿದಾಗ ಅವಳೂ ಬಗ್ಗಿದಳು. ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ ಏನೋ ಹೇಳಿದಳು. ನನಗೆ ಕೇಳಿಸಿದ್ದು ಮೂರು ಪದ: ತಂಬಿ, ನಾಳೈ, ಪಾಲಂ. ತಂಬಿ ಎಂದರೆ ತಮ್ಮ, ನಾಳೈ ಎಂದರೆ ನಾಳೆ, ಅಷ್ಟು ನನಗೂ ಗೊತ್ತು. ನಮ್ಮ ಮನೆಯ ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಾಳೆ ಹಾಲು ಬೇಕೇನೋ, ರೇಷನ್ನಿನ ಹಾಲಿನ ಪುಡಿ ಕೇಳುತ್ತಿದ್ದಾಳೇನೋ ಅಂದುಕೊಂಡೆ. ಉಸ್ತಾದರು ಬಿಂದಿಗೆಯಿಂದ ಕೈ ತೆಗೆದರು. ಎಂದಿನಂತೆ ನೀರು ಸೇದಿ ತುಂಬಿಸಿ ಕಳಿಸಿದರು. ಮಧ್ಯಾಹ್ನ ಊರಿನ ಮಾತು ಆಡಲಿಲ್ಲ.

ಮಾರನೆಯ ದಿನ ದಾರಿ ತೆರೆಯಲು ಹೊರಟೆವು. ಕ್ಯಾಂಪಿನಿಂದ ಎರಡು ಕಿಲೋಮೀಟರಿನಲ್ಲಿ ರಸ್ತೆ ಒಂದು ಸಣ್ಣ ಹಳ್ಳ ದಾಟುವಲ್ಲಿ ಮೋರಿಯೊಂದಿತ್ತು. ಮೋರಿ ಇನ್ನೂ ನೂರು ಹೆಜ್ಜೆ ದೂರ ಇರುವಾಗಲೇ ಉಸ್ತಾದರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ನನ್ನನ್ನೂ ಬರಬೇಡ ಎಂದರು. ಒಬ್ಬರೇ ರಸ್ತೆ ಬಿಟ್ಟು ಗದ್ದೆಗಿಳಿದು, ಬಳಸಿಕೊಂಡು ಹೋಗಿ, ಹಳ್ಳದ ಬದಿಯಲ್ಲಿ ಹೊಟ್ಟೆಯ ಮೇಲೆ ಮಲಗಿದರು. ನಾವು ಕೆಸರಿನಲ್ಲಿ ಬಿದ್ದುಕೊಂಡು ನೋಡುತ್ತಿದ್ದೆವು. ಎಷ್ಟು ಹೊತ್ತಾಯಿತೋ... ಕೊನೆಗೆ ಅವರ ಕೈ ಮೇಲೆದ್ದಿತು, ಬೆರಳುಗಳ ನಡುವೆ ಒಂದು ತಂತಿ. ಮೋರಿಯ ಕೆಳಗೆ ತುಂಬಿಟ್ಟಿದ್ದ ಮದ್ದನ್ನು ನಾವೇ ದೂರದಿಂದ ಸಿಡಿಸಿದಾಗ ಇಡೀ ರಸ್ತೆ ಎದ್ದು ಬಿತ್ತು. ಹತ್ತು ಜನ ಹಿಂದಕ್ಕೆ ನಡೆದು ಬಂದೆವು. ಹತ್ತೂ ಜನ.

ಆ ಸಂಜೆ ಎಲ್ಲರೂ ಉಸ್ತಾದರ ಬೆನ್ನು ತಟ್ಟಿದರು. ಮಾರನೆಯ ದಿನ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಜೊತೆಗೆ ತಮಿಳು ಬಲ್ಲ ಒಬ್ಬ ದುಭಾಷಿ. ಏನೂ ಕಾಣುವ ಮೊದಲೇ, ನೂರು ಹೆಜ್ಜೆ ಹಿಂದೆ ತಂಡವನ್ನು ನಿಲ್ಲಿಸಿದ್ದು ಹೇಗೆ ಎಂಬುದು ಅವರ ಪ್ರಶ್ನೆ. ಉಸ್ತಾದರು ದೂರದಿಂದ ಮಣ್ಣಿನ ಬಣ್ಣ ಬೇರೆ ಕಂಡಿತು ಎಂದರು. ಎಷ್ಟು ಕೇಳಿದರೂ ಅಷ್ಟೇ. ಆಮೇಲೆ ನನ್ನನ್ನು ಹೆಡ್ಮಾಸ್ತರ ಕೋಣೆಗೆ ಕರೆದರು.

ಅಧಿಕಾರಿ ಒಳ್ಳೆಯ ಮಾತಿನಲ್ಲೇ ಕೇಳಿದರು. ಮದ್ದು ಸಿಕ್ಕುವ ಹಿಂದಿನ ದಿನ ಗೇಟಿನಲ್ಲಿ ಯಾರಾದರೂ ನಿನ್ನ ಉಸ್ತಾದನ ಜೊತೆ ಮಾತಾಡಿದರೇ? ನಾನು, ಆಚ್ಚಿ ಏನೋ ಅಂದಳು, ನನಗೆ ತಮಿಳು ಬರುವುದಿಲ್ಲ ಎಂದೆ. ಏನಂದಳು, ಕೇಳಿಸಿದಷ್ಟು ಹೇಳು ಎಂದರು. ನಾಳೆ ಹಾಲು ಬೇಕು ಅಂತ ಇರಬೇಕು ಸಾಬ್, ನಾಳೈ ಪಾಲಂ ಅಂದಳು ಎಂದೆ. ದುಭಾಷಿ ತಲೆ ಎತ್ತಿ ಅಧಿಕಾರಿಯ ಮುಖ ನೋಡಿದ. ತಮಿಳಿನಲ್ಲಿ ಪಾಲಂ ಎಂದರೆ ಸೇತುವೆ, ಮೋರಿ.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ? ಇಷ್ಟು ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಆಚ್ಚಿ ಆಡಿದಾಗ ಗೊತ್ತಿರಲಿಲ್ಲ, ಅದು ಸತ್ಯ. ಆದರೆ ಮರುದಿನ ಮೋರಿಯ ಮುಂದೆ ಕೆಸರಿನಲ್ಲಿ ಬಿದ್ದುಕೊಂಡಿದ್ದಾಗ, ಆ ಮೂರು ಪದಗಳು ಒಮ್ಮೆ ನನ್ನ ಕಿವಿಯಲ್ಲಿ ಸುಳಿದು ಹೋಗಿದ್ದವು. ಅರ್ಥವಾಯಿತೋ ಇಲ್ಲವೋ ಹೇಳಲಾರೆ. ಕೋಣೆಯಲ್ಲಿ ನಿಂತಾಗ ಮಾತ್ರ ನನಗೆ ಒಂದೇ ಆಸೆ ಇತ್ತು, ಬೇಗ ಅಲ್ಲಿಂದ ಹೊರಗೆ ಬರಬೇಕು ಎಂಬುದು.

ಮಧ್ಯಾಹ್ನ ಎರಡು ಜೀಪು ಆಚ್ಚಿಯ ಮನೆಯ ಮುಂದೆ ನಿಂತವು. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಕೈ ಹಿಡಿದು ಹತ್ತಿಸಿಕೊಂಡು ಹೋಗಿ, ಸಂಜೆ ಅದೇ ಜೀಪಿನಲ್ಲಿ ತಂದು ಇಳಿಸಿದರು. ಜೊತೆಗೆ ಒಂದು ಮೂಟೆ ಅಕ್ಕಿ, ಒಂದು ಡಬ್ಬ ಹಾಲಿನ ಪುಡಿ. ಓಣಿಯ ಎಲ್ಲ ಬೇಲಿಗಳ ಹಿಂದೆಯೂ ಜನ ಇದ್ದರು. ಸೈನ್ಯದ ಜೀಪಿನಿಂದ ಅಕ್ಕಿ ಮೂಟೆಯೊಂದಿಗೆ ಇಳಿದವಳನ್ನು ಆ ಬಂದೂಕಿನ ಹುಡುಗರು ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಸ್ತಾದರು ಗೇಟಿನ ಹತ್ತಿರ ನಿಂತು ನೋಡಿದರು. ಆಚ್ಚಿ ಈ ಕಡೆ ನೋಡಲಿಲ್ಲ.

ಮರುದಿನ ಹತ್ತು ಗಂಟೆಗೆ ಬಿಂದಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಉಸ್ತಾದರು ಅಂಗಳಕ್ಕೆ ಹೋದರು. ಹಿಂದೆ ನಾನೂ ಹೋದೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಅಕ್ಕಿ ಮೂಟೆ ಜಗುಲಿಯ ಮೇಲೆ ಹಾಗೇ ನೆನೆಯುತ್ತಿತ್ತು. ಕೋಳಿಗಳು ಇದ್ದವು. ಪಕ್ಕದ ಮನೆಯಲ್ಲಿ ಕೇಳಿದರೆ, ದೋಣಿ ಹತ್ತಿ ಮಗಳ ಮನೆಗೆ ಹೋದಳು ಎಂದರು. ಅದನ್ನು ಹೇಳಿದ ಹೆಂಗಸು ನೆಲ ನೋಡುತ್ತ ಹೇಳಿದಳು. ನಿಜವಿದ್ದರೂ ಇರಬಹುದು.

ಹಿಂದಿರುಗುವಾಗ ನಾನು, "ಅಣ್ಣ, ಹಾಲು ಅಂದ್ಕೊಂಡೆ ಅಣ್ಣ" ಎಂದೆ. ಉಸ್ತಾದರು ನಿಂತರು. ನನ್ನನ್ನು ನೋಡಿದರು. "ಚಲೋ, ಡ್ಯೂಟಿ ಕಾ ಟೈಮ್ ಹೋ ಗಯಾ" ಎಂದರು.

ಹಿಂದಿಯಲ್ಲಿ. ಅವತ್ತಿನಿಂದ ಅವರು ನನ್ನ ಜೊತೆ ಕನ್ನಡ ಆಡಲಿಲ್ಲ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಬೆಳಿಗ್ಗೆ ಎಂದಿನಂತೆ ನನ್ನ ಮುಂದೆ ನಡೆದರು, ತಪ್ಪು ಹೆಜ್ಜೆ ಇಟ್ಟರೆ ತಿದ್ದಿದರು, ನನ್ನ ಒದ್ದೆ ಕಂಬಳಿ ನೋಡಿ ತಮ್ಮದನ್ನು ಕೊಟ್ಟರು. ಎಲ್ಲವೂ ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಮಧ್ಯಾಹ್ನಗಳಲ್ಲಿ ಡೇರೆಯ ಬಾಯಲ್ಲಿ ನಾನೊಬ್ಬನೇ ಕುಳಿತು, ಯಾರಿಗೂ ಕೇಳದಂತೆ ಅವರೆಕಾಯಿ, ಹಿದುಕಿದ ಬೇಳೆ, ಇಟ್ಟಿಗೆ ಗೂಡು ಎಂದು ಆ ಪದಗಳನ್ನೇ ಹೇಳಿಕೊಳ್ಳುತ್ತಿದ್ದೆ. ಗೇಟಿನ ಹೊರಗೆ ಬಿಟ್ಟುಹೋಗಿದ್ದ ಕಲ್ಲುಗಳನ್ನು ಹೆಂಗಸರು ಬಂದು ವಾಪಸ್ಸು ಒಯ್ದರು.

ಮಾಹಿತಿ ಮುಚ್ಚಿಟ್ಟದ್ದಕ್ಕೆ ಉಸ್ತಾದರ ತೋಳಿನ ಒಂದು ಪಟ್ಟಿ ಕಿತ್ತರು. ನಿಜ ಹೇಳಿದ್ದಕ್ಕೆ ನನಗೆ ಶಾಭಾಷ್ ಸಿಕ್ಕಿತು, ಹದಿನೈದು ದಿನ ರಜೆಯೂ ಸಿಕ್ಕಿತು.

ಸಂಕ್ರಾಂತಿಗೆ ರಾಯಲ್ಪಾಡಿನಲ್ಲಿದ್ದೆ. ಹೊರಗೆ ಒಳ್ಳೆಯ ಒಣ ಚಳಿ, ಊರೆಲ್ಲ ಅವರೆಯ ಸೊಗಡು. ಆ ಎರಡು ತಿಂಗಳೂ ನಾನು ಬಯಸಿದ್ದು ಇದನ್ನೇ. ಅಮ್ಮ ಅಡುಗೆಮನೆಯಲ್ಲಿ ಕುಳಿತು ಖಾರ ಅರೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದೆ. "ಏಂ ರಾ, ಎಂದುಕಟ್ಲಾ ಚೂಸ್ತಾವು?" ಎಂದಳು, ಯಾಕೋ ಹಾಗೆ ನೋಡ್ತೀಯ ಎಂದು. ಏನಿಲ್ಲಮ್ಮ ಎಂದು ತೋಪಿನ ಕಡೆ ಹೋಗಿಬಿಟ್ಟೆ. ಊರಿಗೆ ಬಂದರೂ ಊರು ಸಿಗಲಿಲ್ಲ. ಆ ಊರಿನ ಮಾತನ್ನು ಅಲ್ಲಿ, ಆ ಕೆಸರಿನಲ್ಲಿ, ಅವರ ಹತ್ತಿರ ಬಿಟ್ಟು ಬಂದಿದ್ದೆ.

ಹಿಂದಿರುಗುವಷ್ಟರಲ್ಲಿ ಉಸ್ತಾದರನ್ನು ಬೇರೆ ಕ್ಯಾಂಪಿಗೆ ಕಳಿಸಿದ್ದರು. ಅವರ ಮಂಚದ ಮೇಲೆ ಇನ್ಯಾರೋ ಮಲಗಿದ್ದರು. ಅವರು ಹೋಗಿ ನಾಲ್ಕು ದಿನವಾಗಿತ್ತು. ದಾರಿ ತೆರೆಯುವಾಗ ಈಗ ನಾನು ಮುಂದೆ.

ಒಂದೂವರೆ ವರ್ಷದ ಮೇಲೆ, ನಮ್ಮ ತಂಡ ಹಿಂದಿರುಗಿದ ಬಳಿಕ, ಬೇಸಿಗೆಯ ರಜೆಯಲ್ಲಿ ಮಾಲೂರಿಗೆ ಹೋದೆ. ಅಲ್ಲಿಂದ ಬಸ್ಸಿನಲ್ಲಿ ಶಿವಾರಪಟ್ಟಣ. ಇಳಿದ ಕೂಡಲೇ ಎಲ್ಲ ಕಡೆಯಿಂದ ಉಳಿಯ ಸದ್ದು. ಪೆನ್ಷನ್ ತೆಗೆದುಕೊಂಡು ಬಂದಿದ್ದಾರೆಂದು ಯಾರೋ ಹೇಳಿ ಮನೆ ತೋರಿಸಿದರು. ತೆಂಗಿನ ಗರಿಯ ಚಪ್ಪರದ ಕೆಳಗೆ ಅವರು ಒಂದು ಕಲ್ಲಿನ ಮುಂದೆ ಕುಳಿತಿದ್ದರು. ತಲೆ, ಹುಬ್ಬು, ಮೀಸೆ ಎಲ್ಲ ಕಲ್ಲಿನ ಪುಡಿ. ನಾನು ದೂರದಲ್ಲೇ ನಿಂತೆ. ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಎಂಬುದೊಂದೇ ಯೋಚನೆ.

ತಲೆ ಎತ್ತಿದರು. "ಬಿಸಿಲಲ್ಲಿ ಯಾಕ್ ನಿಂತಿದ್ಯೋ? ಬಾ ಒಳಕ್ಕೆ. ಊಟ ಆಯ್ತಾ?"

ನಾನು ಚಪ್ಪರದೊಳಕ್ಕೆ ಬಂದೆ. ಅವರು ಒಳಗೆ ನೋಡಿ, "ಲೇ ಇವಳೇ, ನಮ್ಮ ರಾಯಲ್ಪಾಡಿನೋನು ಬಂದವ್ನೆ, ಮುದ್ದೆಗೆ ಇಡು" ಎಂದರು. ಅತ್ತಿಗೆ ಬಾಗಿಲಿಗೆ ಬಂದು, "ಇವ್ರೇನಾ? ಅಲ್ಲಿಂದ ಬಂದ ಕಾಗದದ ತುಂಬ ನಿಮ್ಮದೇ ಸುದ್ದಿ ಇರ್ತಿತ್ತು" ಎಂದು ನಕ್ಕರು.

ಊಟವಾದ ಮೇಲೆ ಚಪ್ಪರದ ಕೆಳಗೆ ಕುಳಿತೆವು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಉದುರಿಹೋದವು. "ಅಣ್ಣ, ಆಚ್ಚಿಗೆ ನನ್ನಿಂದಾನೇ..." ಎಂದಷ್ಟೇ ಬಂತು.

ಅವರು ಬಹಳ ಹೊತ್ತು ಉಳಿಯ ಮೊನೆಯನ್ನು ಉಜ್ಜುತ್ತಿದ್ದರು.

"ನಿನ್ನೊಬ್ಬನಿಂದ ಅಲ್ಲ ಬಿಡು. ಯೂನಿಫಾರಂ ಹಾಕ್ಕೊಂಡು ಆವಮ್ಮನ ಅಂಗಳದಾಗೆ ಹೋಗಿ ಕೂತೋನು ನಾನು. ಇಡೀ ಓಣಿ ನೋಡ್ತಿತ್ತು. ಖಾರದ ಕಲ್ಲು ಕುಟ್ಟಿ ದೊಡ್ಡ ಪುಣ್ಯ ಮಾಡ್ದೆ ಅಂದ್ಕೊಂಡಿದ್ದೆ. ಅವತ್ತೇ ಆವಮ್ಮನ ಮೇಲೆ ಕಣ್ಣು ಬಿತ್ತು. ನೀನು ಹೇಳಿದ್ದು ಆಮೇಲಿನ ಮಾತು."

"ಮತ್ತೆ ನನ್ನ ಜೊತೆ ಯಾಕೆ ಕನ್ನಡ ಬಿಟ್ರಿ?"

"ಕನ್ನಡದಾಗೆ ಬಾಯಿ ಬಿಟ್ರೆ ಆವಮ್ಮನ ಮಾತೇ ಬರ್ತಿತ್ತು ಕಣೋ. ಹಿಂದಿಯಲ್ಲಿ ಆದ್ರೆ ಡ್ಯೂಟಿ ಮಾತು ಬಿಟ್ಟು ನಂಗೆ ಬೇರೆ ಏನೂ ಬರಲ್ಲ. ನಿನ್ನ ಮೇಲಿನ ಕೋಪಕ್ಕೆ ಅಂದ್ಕೊಂಡಿದ್ಯಾ ಇಷ್ಟು ದಿನ?"

ನಾನು ಅತ್ತೆ. ಅವರು ನೋಡದವರ ಹಾಗೆ ಕಲ್ಲಿನ ಪುಡಿ ಊದುತ್ತಿದ್ದರು. ಬಸ್ಸಿಗೆ ಬಿಡಲು ಬಂದಾಗ, "ಅಲ್ಲಿ ಜಗಳ ನಿಲ್ಲಲಿ. ನಾವಿಬ್ರೂ ಒಂದ್ಸಲ ಹೋಗಿ ಆವಮ್ಮ ಇದ್ದಾಳಾ ನೋಡ್ಕೊಂಡು ಬರಾನ" ಎಂದರು. ಆಗಲಿ ಅಣ್ಣ ಎಂದೆ.

ಜಗಳ ಅಷ್ಟು ಬೇಗ ನಿಲ್ಲಲಿಲ್ಲ. ನಾವು ಎರಡು ಮೂರು ಕಾಗದ ಬರೆದುಕೊಂಡೆವು. ನನಗೆ ವರ್ಗದ ಮೇಲೆ ವರ್ಗ, ಮದುವೆ, ಮಗಳು. ಶಿವಾರಪಟ್ಟಣ ನಮ್ಮೂರಿನಿಂದ ಎಷ್ಟು ದೂರ, ಅರ್ಧ ದಿನದ ದಾರಿ. ಹೋದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಒಂದು ಸಲ ಮಾಲೂರು ಸ್ಟೇಷನ್ನಿನಲ್ಲಿ ಅವರ ಊರಿನವರೊಬ್ಬರು ಸಿಕ್ಕಿ, ಉಸ್ತಾದರು ತೀರಿಕೊಂಡು ಎಂಟು ತಿಂಗಳಾಯಿತು ಎಂದರು. ಕಲ್ಲಿನ ಧೂಳು ಎದೆಗೆ ಕಟ್ಟಿತ್ತಂತೆ. ಅವತ್ತು ಹೋಗಿ ಅತ್ತಿಗೆಯನ್ನು ನೋಡಿಕೊಂಡು ಬಂದೆ. ಅವರು ಊಟ ಮಾಡಿ ಹೋಗಿ ಎಂದರು. ನನ್ನಿಂದ 'ಆಗಲಿ' ಎನ್ನಲು ಆಗಲಿಲ್ಲ.

ಈಗ ಅಲ್ಲಿ ಯುದ್ಧ ಮುಗಿದು ಬಹಳ ವರ್ಷವಾಗಿದೆ. ಪ್ರವಾಸಕ್ಕೆ ಜನ ಹೋಗಿ ಬರುತ್ತಾರಂತೆ. ಹೋದ ತಿಂಗಳ ಆ ಮಳೆ ನಿಂತ ಮೇಲೆ ಮಗಳಿಗೆ ಈ ಸಂಗತಿಯನ್ನೆಲ್ಲ ಮೊದಲ ಸಲ ಹೇಳಿದೆ. ಅವಳು, "ನಾನೇ ಕರ್ಕೊಂಡ್ ಹೋಗ್ತೀನಪ್ಪ, ಹುಡುಕೋಣ" ಎಂದಳು. ಊರಿನ ಹೆಸರು ಹೇಳಿ ಎಂದಳು, ಹೇಳಿದೆ. ಶಾಲೆ ಗುರುತಿದೆಯಾ ಎಂದಳು, ಇದೆ ಎಂದೆ. ಕಾಗದ ಪೆನ್ನು ತೆಗೆದುಕೊಂಡು ಬಂದು, ಆ ಅಜ್ಜಿಯ ಹೆಸರೇನು ಎಂದು ಕೇಳಿದಳು.

ಉಸ್ತಾದರಿಗೆ ಗೊತ್ತಿತ್ತು. ಅವರು ಅವಳ ಹೆಸರು ಹಿಡಿದು ಒಂದೆರಡು ಸಲ ಮಾತಾಡಿಸಿದ್ದನ್ನು ನಾನು ಕೇಳಿದ್ದೇನೆ, ಗಮನ ಕೊಟ್ಟಿರಲಿಲ್ಲ. ಆಮೇಲೆ ಅವರ ಮನೆಯ ಚಪ್ಪರದ ಕೆಳಗೆ ಅಷ್ಟು ಹೊತ್ತು ಕುಳಿತಿದ್ದೆ. ಕೇಳಿದ್ದರೆ ಹೇಳುತ್ತಿದ್ದರು.

ನಾನು ಕೇಳಲಿಲ್ಲ.